ಕಾಲುದಾರಿಯ ಕಳೆಯೂ ಕುಡುಗೋಲಿನ ಲೆಕ್ಕವೂ

ಬೇಸಿಗೆಯ ಉರಿಬಿಸಿಲಿನಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯನ್ನು ಸುತ್ತುವವರಿಗೆ ಕಾಲುದಾರಿಯ ಇಕ್ಕೆಲಗಳೂ ಬರಡಾಗಿ ಕಾಣುತ್ತವೆ. ಹುಲ್ಲು ಒಣಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಪೊದೆಗಳ ಎಲೆ ಬಾಡಿರುತ್ತದೆ. ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ. ಈ ಸ್ಥಿತಿಯಲ್ಲಿ ಎರಡು ಮೂರು ಹದವಾದ ಮಳೆ ಬೀಳಲಿ, ಒಂದು ತಿಂಗಳು ಕಳೆಯಲಿ. ಅದೇ ದಾರಿಯ ಅಂಚುಗಳು ಮೊಳಕಾಲುದ್ದದ ಹಸುರಿನಿಂದ ತುಂಬಿಹೋಗುತ್ತವೆ. ಕೆಲವೆಡೆ ಇಬ್ಬರು ಜೊತೆಯಾಗಿ ನಡೆಯುವುದು ಕಷ್ಟವಾಗುತ್ತದೆ. ಹುಲ್ಲಿನ ಮರೆಯಲ್ಲಿ ಹಾವು ಮಲಗಿದ್ದೀತೆಂಬ ಅಂಜಿಕೆಯೂ ಸೇರಿಕೊಳ್ಳುತ್ತದೆ. ಆಗ ವಿದ್ಯಾರ್ಥಿಗಳೂ, ಪ್ರತಿದಿನ ನಡೆಯಲು ಬರುವ ನಾಗರಿಕರೂ ಕುಡುಗೋಲು, ಗುದ್ದಲಿಗಳನ್ನು ಹಿಡಿದು ಶ್ರಮದಾನಕ್ಕೆ ನಿಲ್ಲುತ್ತಾರೆ. ಎರಡು ಗಂಟೆ ದುಡಿದು, ಬೆವರೊರಸಿಕೊಂಡು, ತೆರವಾದ ದಾರಿಯನ್ನು ಕಂಡು ತೃಪ್ತಿಪಡುತ್ತಾರೆ. ಮೂರು ವಾರಗಳ ತರುವಾಯ ಬಂದು ನೋಡಿದರೆ ಕಳೆ ಮತ್ತೆ ಮೊದಲಿನಂತೆಯೇ ನಿಂತಿರುತ್ತದೆ!

ಇದಕ್ಕೆ ಕಾರಣವೇನು? ದುಡಿದವರ ಶ್ರದ್ಧೆಯಲ್ಲಿ ಕೊರತೆ ಇರಲಿಲ್ಲ. ಆಯುಧಗಳೂ ಹರಿತವಾಗಿಯೇ ಇದ್ದವು. ಆದರೆ ಕಳೆಯೊಡನೆ ಹೋರಾಡುವುದು ತೋಳ್ಬಲದ ಕೆಲಸವಲ್ಲ, ಲೆಕ್ಕದ ಕೆಲಸ. ಆ ಲೆಕ್ಕವನ್ನು ಭೌತವಿಜ್ಞಾನದ ದೃಷ್ಟಿಯಿಂದ ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ದಂಡೆ ಮತ್ತು ದಾರಿ

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕುಕ್ಕರಹಳ್ಳಿ ಕೆರೆಯನ್ನು ಕಟ್ಟಿಸಿದರು. ಆಗ ಅದರ ಉದ್ದೇಶ ನೀರಾವರಿ. ಮುಂದೆ ಊರಿಗೆ ಕುಡಿಯುವ ನೀರನ್ನೂ ಅದು ಒದಗಿಸಿತು. ಇಂದು ಅದರ ಪಾತ್ರ ಬೇರೆ. ಸುಮಾರು 5 ಕಿಲೋಮೀಟರು ಉದ್ದದ ದಡವನ್ನುಳ್ಳ ಈ ಜಲಾಶಯ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿದ್ದು, ಊರಿನವರ ವಿಹಾರಸ್ಥಾನವಾಗಿದೆ. ಇದರ ಪಕ್ಕದಲ್ಲಿಯೇ ಮಾನಸಗಂಗೋತ್ರಿಯನ್ನು ನೆಲೆಗೊಳಿಸಿದ ಕುವೆಂಪು ಅವರು ಸಂಚಾರಕ್ಕೆ ಬರುತ್ತಿದ್ದ ದಂಡೆ ಇದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿಗಳನ್ನು ನಗರದ ನಡುವೆಯೇ ಕಾಣಬಹುದಾದ ಅಪೂರ್ವ ತಾಣವೂ ಹೌದು.

ಮೈಸೂರಿನವರಿಗೆ ಇನ್ನೊಂದು ನಡೆದಾರಿಯೂ ಉಂಟು. ಅದು ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿ. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದುದೆಂದು ಪ್ರಸಿದ್ಧವಾದ ಈ ಸಾವಿರ ಮೆಟ್ಟಿಲುಗಳ ಇಕ್ಕೆಲದಲ್ಲಿಯೂ ಮಳೆ ಬಿದ್ದೊಡನೆ ಪೊದೆ ಬೆಳೆಯುತ್ತದೆ. ಕೆರೆಯ ದಂಡೆಯಲ್ಲಿ ಮುಖ್ಯ ಶತ್ರು ಪಾರ್ಥೇನಿಯಂ ಆದರೆ, ಬೆಟ್ಟದ ಇಳಿಜಾರಿನಲ್ಲಿ ಲಂಟಾನ.

ಇಂತಹ ದಾರಿಗಳನ್ನು ಸ್ವಯಂಸೇವಕರೇ ಕಾಪಾಡುವ ಪದ್ಧತಿ ಲೋಕದಲ್ಲಿ ಬೇರೆಡೆಯೂ ಇದೆ. ಅಮೆರಿಕದಲ್ಲಿ 1921ರಲ್ಲಿ ಬೆಂಟನ್ ಮೆಕಾಯ್ ಎಂಬುವರು ಸೂಚಿಸಿ, 1937ರಲ್ಲಿ ಪೂರ್ಣಗೊಂಡ ಅಪಲೇಷಿಯನ್ ಕಾಲುದಾರಿ ಸುಮಾರು 3,500 ಕಿಲೋಮೀಟರು ಉದ್ದವಾಗಿದೆ. ಅದರ ಪೊದೆ ಸವರುವ ಕೆಲಸವನ್ನು ಬಹುಮಟ್ಟಿಗೆ ಸ್ವಯಂಸೇವಾ ಸಂಘಗಳೇ ವಹಿಸಿಕೊಂಡಿವೆ. ನಮ್ಮಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಆಗಿನ ಕೇಂದ್ರ ಶಿಕ್ಷಣಮಂತ್ರಿ ವಿ. ಕೆ. ಆರ್. ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಯನ್ನು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭಿಸಿದರು. ಕಾಲೇಜಿನ ಹುಡುಗ ಹುಡುಗಿಯರು ಗುದ್ದಲಿ ಹಿಡಿಯುವುದು ಅಂದಿನಿಂದ ವಿದ್ಯಾಭ್ಯಾಸದ ಒಂದು ಅಂಗವಾಯಿತು. ಕಲಿತ ವಿಜ್ಞಾನವನ್ನು ಆ ಗುದ್ದಲಿಯ ತುದಿಗೆ ತರುವುದು ಮಾತ್ರ ಇನ್ನೂ ನಮ್ಮ ಕೈಯಲ್ಲಿದೆ.

ಸೂರ್ಯನ ಕೊಡುಗೆ

ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದುದರಿಂದ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 22-23ರ ಸುಮಾರಿಗೆ ಒಮ್ಮೆ, ಆಗಸ್ಟ್ 20ರ ಸುಮಾರಿಗೆ ಇನ್ನೊಮ್ಮೆ, ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಆ ಕ್ಷಣದಲ್ಲಿ ನೆಟ್ಟನೆಯ ಕಂಬಕ್ಕೆ ನೆರಳೇ ಇರುವುದಿಲ್ಲ. ಮೊದಲನೆಯ ಸಂದರ್ಭ ಬೇಸಿಗೆಯ ಮಳೆಗಳ ಕಾಲಕ್ಕೆ ಸರಿಯಾಗಿ ಕೂಡಿಬರುತ್ತದೆಂಬುದನ್ನು ಗಮನಿಸಿರಿ. ರೈತರ ಲೆಕ್ಕದಲ್ಲಿ ಏಪ್ರಿಲ್ ನಡುವಿನಿಂದ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ, ಮೇ 11ರ ಸುಮಾರಿನಿಂದ ಕೃತ್ತಿಕೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಳ್ಳಿಯವರು ಹೇಳುತ್ತಾರೆ. ಬೆಳೆಗೆ ಒದಗುವ ಭಾಗ್ಯ ಕಳೆಗೂ ಒದಗುತ್ತದೆ: ನೆತ್ತಿಯ ಮೇಲೆ ಸೂರ್ಯ, ಬೇರಿನ ಬುಡದಲ್ಲಿ ನೀರು.

ಈ ಭಾಗ್ಯ ಎಷ್ಟೆಂದು ಅಳೆಯಬಹುದು. ತಿಳಿಯಾದ ದಿನ ನಡುಹಗಲಿನಲ್ಲಿ ಒಂದು ಚದರ ಮೀಟರು ನೆಲದ ಮೇಲೆ ಸುಮಾರು 1,000 ವಾಟ್‌ನಷ್ಟು ಸೂರ್ಯಶಕ್ತಿ ಬೀಳುತ್ತದೆ. ಬೆಳಗಿನಿಂದ ಸಂಜೆಯವರೆಗೆ ಕೂಡಿಸಿದರೆ, ಈ ಋತುವಿನಲ್ಲಿ ಅದು ಸುಮಾರು 6 ಕಿಲೋವಾಟ್-ಗಂಟೆ, ಅಂದರೆ 2 ಕೋಟಿ 16 ಲಕ್ಷ ಜೂಲ್. ಗಿಡಗಳು ಇದೆಲ್ಲವನ್ನೂ ಬಳಸಿಕೊಳ್ಳಲಾರವು. ಬೆಳಕಿನ ಬಹುಭಾಗ ಪ್ರತಿಫಲಿಸಿ ಹೋಗುತ್ತದೆ, ಅಥವಾ ಎಲೆಯನ್ನು ಬಿಸಿಮಾಡಿ ನೀರನ್ನು ಆವಿಯಾಗಿಸುವುದರಲ್ಲಿ ವ್ಯಯವಾಗುತ್ತದೆ. ದ್ಯುತಿಸಂಶ್ಲೇಷಣೆಯಿಂದ ಸಸ್ಯದ ಒಡಲಿನಲ್ಲಿ ನೆಲೆಗೊಳ್ಳುವುದು ಸ್ಥೂಲವಾಗಿ ನೂರಕ್ಕೆ ಒಂದು ಪಾಲು. ಆದರೂ ಅದು ಚದರ ಮೀಟರಿಗೆ 2,16,000 ಜೂಲ್ ಆಯಿತು. ಒಂದು ಗ್ರಾಂ ಒಣ ಸಸ್ಯವಸ್ತುವಿನಲ್ಲಿ ಅಡಗಿರುವ ಶಕ್ತಿ ಸುಮಾರು 17,000 ಜೂಲ್. ಭಾಗಿಸಿ ನೋಡಿದರೆ, ಎಲೆಗಳಿಂದ ಪೂರ್ಣವಾಗಿ ಮುಚ್ಚಿದ, ನೀರಿನ ಕೊರತೆ ಇಲ್ಲದ ಒಂದು ಚದರ ಮೀಟರು ನೆಲದಲ್ಲಿ ದಿನಕ್ಕೆ ಹನ್ನೆರಡು ಹದಿಮೂರು ಗ್ರಾಂ ಒಣ ಪದಾರ್ಥ ಬೆಳೆಯಬಲ್ಲದು.

ಹದಿಮೂರು ಗ್ರಾಂ ಅಲ್ಪವೆನಿಸಬಹುದು. ಆದರೆ ದಾರಿಯನ್ನು ಉದ್ದಕ್ಕೆ ನೋಡಬೇಕು. ಒಂದು ಕಿಲೋಮೀಟರು ಕಾಲುದಾರಿಯ ಎರಡು ಅಂಚುಗಳಲ್ಲಿಯೂ ಒಂದೊಂದು ಮೀಟರು ಅಗಲದ ಪಟ್ಟಿಯನ್ನು ಪರಿಗಣಿಸಿದರೆ ಅದು 2,000 ಚದರ ಮೀಟರು. ಅಲ್ಲಿ ದಿನಕ್ಕೆ ಸುಮಾರು 25 ಕಿಲೋಗ್ರಾಂ ಒಣ ಪದಾರ್ಥ ಉಂಟಾಗುತ್ತದೆ. ಹಸಿ ಗಿಡದ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಆದುದರಿಂದ, ಹಸುರಿನ ಲೆಕ್ಕದಲ್ಲಿ ದಿನಕ್ಕೆ 125 ಕಿಲೋಗ್ರಾಂ. ಹದಿನೈದು ದಿನಗಳಲ್ಲಿ ಒಂದೂವರೆ ಟನ್ನಿಗೂ ಮಿಗಿಲು! ಮೂರು ವಾರಗಳಲ್ಲಿ ದಾರಿ ಮತ್ತೆ ಮುಚ್ಚಿಕೊಂಡುದರಲ್ಲಿ ಆಶ್ಚರ್ಯವೇನಿದೆ?

ಈಗ ನಮ್ಮ ಕಡೆಯ ಬಲವನ್ನು ನೋಡೋಣ. ಆರೋಗ್ಯವಂತ ವ್ಯಕ್ತಿಯೊಬ್ಬನು ದೀರ್ಘಕಾಲ ದುಡಿಯುವಾಗ ಸುಮಾರು 75 ವಾಟ್ ದರದಲ್ಲಿ ಕೆಲಸ ಮಾಡಬಲ್ಲನು. ಎರಡು ಗಂಟೆಗಳಲ್ಲಿ ಇದು 5,40,000 ಜೂಲ್. ಇಪ್ಪತ್ತು ಮಂದಿ ಸೇರಿದರೆ 1 ಕೋಟಿ 8 ಲಕ್ಷ ಜೂಲ್. ಮೇಲಿನ ಲೆಕ್ಕದೊಡನೆ ಹೋಲಿಸಿರಿ: ಇಪ್ಪತ್ತು ಸ್ವಯಂಸೇವಕರು ಒಂದು ಮುಂಜಾನೆ ವ್ಯಯಿಸುವ ಶಕ್ತಿಯನ್ನು, ಕೇವಲ 50 ಚದರ ಮೀಟರು ಎಲೆಹಾಸು ಒಂದೇ ದಿನದಲ್ಲಿ ಸದ್ದಿಲ್ಲದೆ ಕೂಡಿಟ್ಟುಕೊಳ್ಳುತ್ತದೆ. ಶಕ್ತಿಗೆ ಶಕ್ತಿಯನ್ನು ಒಡ್ಡಿದರೆ ಸೋಲು ನಮ್ಮದೇ.

ಆದರೆ ಶಕ್ತಿಗೆ ಶಕ್ತಿಯನ್ನು ಒಡ್ಡಬೇಕಾದ ಅಗತ್ಯವಿಲ್ಲ. ಕೋಟೆಯನ್ನು ಕಲ್ಲು ಕಲ್ಲಾಗಿ ಕೆಡಹುವುದಕ್ಕಿಂತ ಅದರ ದಿಡ್ಡಿಬಾಗಿಲನ್ನು ಹುಡುಕುವುದು ಜಾಣತನ. ಕಳೆಗಿಡಕ್ಕೂ ಅಂತಹ ಮೂರು ಬಾಗಿಲುಗಳುಂಟು. ಒಂದು ಕಾಲದಲ್ಲಿದೆ, ಒಂದು ಗಿಡದ ಕುತ್ತಿಗೆಯಲ್ಲಿದೆ, ಮತ್ತೊಂದು ಬೆಳಕಿನಲ್ಲಿದೆ.

ಮೊದಲನೆಯ ಬಾಗಿಲು: ಕಾಲ

ಪಾರ್ಥೇನಿಯಂ ಅಮೆರಿಕ ಖಂಡದ ಉಷ್ಣಪ್ರದೇಶದಿಂದ ಬಂದ ಗಿಡ. ಭಾರತದಲ್ಲಿ ಇದು ನೆಲೆಯೂರಿರುವುದನ್ನು ಸಸ್ಯವಿಜ್ಞಾನಿಗಳು 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಗುರುತಿಸಿದರು. ಆಮದಾದ ಗೋಧಿಯೊಡನೆ ಬೆರೆತು ಬಂದಿತೆಂದು ಸಾಮಾನ್ಯವಾಗಿ ಹೇಳುವುದುಂಟು. ನಮ್ಮ ಜನ ಅದಕ್ಕೆ ಕಾಂಗ್ರೆಸ್ ಗಿಡವೆಂದು ಹೆಸರಿಟ್ಟರು. ಕೆಲವೇ ದಶಕಗಳಲ್ಲಿ ಅದು ದೇಶದ ಮೂಲೆಮೂಲೆಗೂ ಹರಡಿತು.

ಅದರ ಗುಟ್ಟು ಬೀಜದಲ್ಲಿದೆ. ಚೆನ್ನಾಗಿ ಬೆಳೆದ ಒಂದು ಗಿಡ 15,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಈ ಬೀಜಗಳು ಅತಿ ಹಗುರ. ಗಾಳಿ, ಹರಿಯುವ ನೀರು, ವಾಹನದ ಚಕ್ರ, ನಡೆಯುವವರ ಪಾದರಕ್ಷೆಗೆ ಅಂಟಿದ ಕೆಸರು, ಎಲ್ಲವೂ ಅವಕ್ಕೆ ವಾಹನವೇ. ಮಣ್ಣಿನಲ್ಲಿ ಹೂತುಹೋದವು ಹಲವು ವರ್ಷ ಜೀವ ಹಿಡಿದುಕೊಂಡಿರುತ್ತವೆ. ಮಳೆ ಬಿದ್ದು ಮೊಳೆತ ಗಿಡ ಒಂದು ತಿಂಗಳಿನಿಂದ ಒಂದೂವರೆ ತಿಂಗಳೊಳಗೆ ಹೂಬಿಡಲು ತೊಡಗುತ್ತದೆ.

ಹಾಗಾದರೆ ಕೀಳುವ ಕಾಲ ಯಾವುದು? ನಾವು ಸಾಮಾನ್ಯವಾಗಿ ಗಿಡ ಕಣ್ಣಿಗೆ ಬಿದ್ದ ಮೇಲೆ ಹೊರಡುತ್ತೇವೆ. ಪಾರ್ಥೇನಿಯಂ ಕಣ್ಣಿಗೆ ಬೀಳುವುದು ಬಿಳಿಯ ಹೂಗಳಿಂದ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹೂಬಿಟ್ಟ ಗಿಡವನ್ನು ಕಿತ್ತು ಎಳೆದಾಡಿದರೆ ಬಲಿತ ಬೀಜಗಳನ್ನು ನಾವೇ ದಾರಿಯುದ್ದಕ್ಕೂ ಬಿತ್ತಿದಂತೆ. ಅಶ್ವಿನಿ ಅಥವಾ ಭರಣಿ ಮಳೆಗೆ ಮೊಳೆತ ಗಿಡವನ್ನು ಕೃತ್ತಿಕೆಯ ಹೊತ್ತಿಗೆ, ಅಂದರೆ ಮೊದಲ ನೆನೆಮಳೆಯಾದ ಮೂರು ನಾಲ್ಕು ವಾರಗಳೊಳಗೆ, ಕಿತ್ತುಬಿಡಬೇಕು. ಹೂವಿಗೆ ಮೊದಲು ಕಿತ್ತ ನೂರು ಗಿಡಗಳು ನೂರು ಗಿಡಗಳಲ್ಲ. ಹುಟ್ಟದೆಹೋದ ಹದಿನೈದು ಲಕ್ಷ ಬೀಜಗಳು. ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ನೋಡು ಎಂಬ ಗಾದೆ ಕಳೆಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಈ ಕಾಲವನ್ನು ನಾವೇ ಕಾಯಬೇಕಾದುದಕ್ಕೆ ಇನ್ನೊಂದು ಕಾರಣವುಂಟು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1983ರಲ್ಲಿ ಮೆಕ್ಸಿಕೊದಿಂದ ಪಾರ್ಥೇನಿಯಂ ಎಲೆಯನ್ನು ತಿನ್ನುವ ಜೀರುಂಡೆಯೊಂದನ್ನು ತರಿಸಿ, ಪರೀಕ್ಷಿಸಿ, 1984ರಿಂದ ಬಯಲಿಗೆ ಬಿಟ್ಟರು. ಜೈಗೊಗ್ರಾಮ ಎಂಬ ಈ ಪಟ್ಟೆಯ ಜೀರುಂಡೆ ಈಗ ನಮ್ಮ ಸೀಮೆಯಲ್ಲಿ ನೆಲೆಸಿದೆ. ಮಳೆಗಾಲದಲ್ಲಿ ಗಿಡಗಳನ್ನು ಬೋಳಾಗಿಸುತ್ತದೆ. ಆದರೆ ಅದು ಒಣಗಾಲವನ್ನು ಮಣ್ಣಿನೊಳಗೆ ನಿದ್ರಿಸಿ ಕಳೆದು, ಮಳೆ ಹಿಡಿದ ಮೇಲೆ ಹೊರಬಂದು, ಆಮೇಲೆ ಸಂಖ್ಯೆಯಲ್ಲಿ ವೃದ್ಧಿಯಾಗಬೇಕು. ಬೇಸಿಗೆಯ ಮೊದಲ ಫಸಲಿನ ಕಳೆಯನ್ನು ತಡೆಯಲು ಅದರ ಸೈನ್ಯ ಸಕಾಲದಲ್ಲಿ ಒದಗುವುದಿಲ್ಲ. ಆ ನಡುವಣ ಕೆಲವು ವಾರಗಳು ಮನುಷ್ಯನ ಕೈಗೆ ಬಿಟ್ಟವು.

ಇಲ್ಲಿ ಒಂದು ಎಚ್ಚರಿಕೆ ಅತ್ಯಗತ್ಯ. ಈ ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಹಲವರ ಚರ್ಮದಲ್ಲಿ ತುರಿಕೆ, ಉರಿ, ಗಂಧೆಗಳನ್ನು ಉಂಟುಮಾಡುತ್ತದೆ. ಪರಾಗದಿಂದ ಉಬ್ಬಸವೂ ಬರಬಹುದು. ಮೊದಮೊದಲು ಏನೂ ಆಗದವರಿಗೂ ಪದೇ ಪದೇ ಮುಟ್ಟಿದ ಮೇಲೆ ತೊಂದರೆ ಆರಂಭವಾಗುವುದುಂಟು. ಆದುದರಿಂದ ಬರಿಗೈಯಲ್ಲಿ ಕೀಳಕೂಡದು. ಕೈಗವುಸು, ತುಂಬುತೋಳಿನ ಅಂಗಿ, ಮೂಗು ಬಾಯಿಗೆ ಬಟ್ಟೆ ಇರಲೇಬೇಕು. ಉಬ್ಬಸವಿರುವವರು ಈ ಕೆಲಸಕ್ಕೆ ಬಾರದೆ, ಎಣಿಕೆ ಮತ್ತು ದಾಖಲೆಯ ಹೊಣೆಯನ್ನು ವಹಿಸಿಕೊಳ್ಳುವುದು ಲೇಸು.

ಎರಡನೆಯ ಬಾಗಿಲು: ಕುತ್ತಿಗೆ

ಕುಡುಗೋಲು ಏಕೆ ಕತ್ತರಿಸುತ್ತದೆ? ಒತ್ತಡವೆಂದರೆ ಬಲವನ್ನು ಕ್ಷೇತ್ರಫಲದಿಂದ ಭಾಗಿಸಿದ ಮೊತ್ತ. ಹತ್ತು ಕಿಲೋಗ್ರಾಂ ತೂಕದಷ್ಟು ಬಲದಿಂದ ಎಳೆದಾಗ, ಒಂದು ಸೆಂಟಿಮೀಟರು ದಪ್ಪದ ಕಾಂಡಕ್ಕೆ ತಗಲುವ ಅಲಗಿನ ಅಂಚು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ತೆಳುವಾಗಿದ್ದರೆ, ಒತ್ತಡ ಸುಮಾರು 2,000 ವಾಯುಮಂಡಲದಷ್ಟಾಗುತ್ತದೆ. ಅಂಚು ಮೊಂಡಾಗಿ ಅರ್ಧ ಮಿಲಿಮೀಟರಾದರೆ ಅದೇ ಬಲಕ್ಕೆ ಒತ್ತಡ 200 ವಾಯುಮಂಡಲಕ್ಕೆ ಇಳಿಯುತ್ತದೆ. ಅರ್ಧ ಗಂಟೆಗೊಮ್ಮೆ ಸಾಣೆಕಲ್ಲಿನ ಮೇಲೆ ಅಲಗನ್ನು ತೀಡುವವನು ಸೋಮಾರಿಯಲ್ಲ; ಅವನು ತನ್ನ ಬಲವನ್ನು ಹತ್ತುಪಟ್ಟು ಮಾಡಿಕೊಳ್ಳುತ್ತಿದ್ದಾನೆ. ಇನ್ನೊಂದು ಉಪಾಯವೂ ಇದೆ. ಎಡಗೈಯಿಂದ ಕಾಂಡವನ್ನು ಬಗ್ಗಿಸಿ ಹಿಡಿದರೆ, ಹೊರಬದಿಯ ನಾರುಗಳು ಬಿಗಿದ ತಂತಿಯಂತೆ ಎಳೆತದಲ್ಲಿರುತ್ತವೆ. ಅಲಗು ಆ ಬದಿಯನ್ನು ಸೋಕಿದೊಡನೆ ನಾರು ತಾನಾಗಿ ಬಿರಿದುಕೊಳ್ಳುತ್ತದೆ.

ಆದರೆ ಎಷ್ಟು ಹರಿತವಾದ ಅಲಗಿಗೂ ಲಂಟಾನ ಬಗ್ಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೂವಿನ ಚೆಲುವಿಗಾಗಿ ಬಂದ ಈ ಪೊದೆ ಇಂದು ನಮ್ಮ ಕಾಡುಗಳನ್ನು ಆವರಿಸಿದೆ. ಅದನ್ನು ನೆಲಮಟ್ಟದಲ್ಲಿ ಕಡಿದರೆ ಕೆಲವು ವಾರಗಳಲ್ಲಿ ಒಂದರ ಬದಲು ಹತ್ತು ಚಿಗುರುಗಳು ಏಳುತ್ತವೆ. ಹೀಗೇಕೆಂದರೆ, ಅದರ ದಾಸ್ತಾನು ಇರುವುದು ಬೇರಿನಲ್ಲಿ. ಚಿಗುರುವ ಮೊಗ್ಗುಗಳಿರುವುದು ಕಾಂಡವೂ ಬೇರೂ ಕೂಡುವ ಕುತ್ತಿಗೆಯಲ್ಲಿ. ಇದನ್ನು ಅರಿತು ದೆಹಲಿ ವಿಶ್ವವಿದ್ಯಾನಿಲಯದ ಸಸ್ಯವಿಜ್ಞಾನಿ ಸಿ. ಆರ್. ಬಾಬು ಮತ್ತು ಸಂಗಡಿಗರು ಒಂದು ಸುಲಭ ವಿಧಾನವನ್ನು ರೂಪಿಸಿದರು. ಮಣ್ಣಿನ ಮಟ್ಟದಿಂದ ಮೂರರಿಂದ ಐದು ಸೆಂಟಿಮೀಟರು ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಬುಡಮೇಲಾಗಿ ಇಟ್ಟುಬಿಡುವುದೇ ಆ ವಿಧಾನ. ಮೊಗ್ಗುಗಳಿರುವ ಕುತ್ತಿಗೆ ನೆಲಕ್ಕೆ ತಾಗದೆ ಮೇಲಿರುವುದರಿಂದ ಅದು ಒಣಗುತ್ತದೆ. ಕೆಳಗುಳಿದ ಬೇರಿಗೆ ಚಿಗುರುವ ಮೊಗ್ಗೇ ಇಲ್ಲ. ಕಡಿದ ಬರಲನ್ನು ಸುಡದೆ ಉಪಯೋಗಿಸಬಹುದೆಂದು ಮಲೆ ಮಹದೇಶ್ವರ ಬೆಟ್ಟದ ಕುಶಲಕರ್ಮಿಗಳು ಲಂಟಾನದಿಂದ ಪೀಠೋಪಕರಣಗಳನ್ನು ಹೆಣೆದು ತೋರಿಸಿಕೊಟ್ಟಿದ್ದಾರೆ.

ಬೇರನ್ನು ಎಬ್ಬಿಸಲು ಹಾರೆ ಉತ್ತಮ ಸನ್ನೆ. ಒಂದೂವರೆ ಮೀಟರು ಉದ್ದದ ಹಾರೆಯನ್ನು ತುದಿಯಿಂದ ಹದಿನೈದು ಸೆಂಟಿಮೀಟರು ದೂರದಲ್ಲಿ ಕಲ್ಲಿನ ಮೇಲೆ ಆನಿಸಿದರೆ, ಕೈಯ ಬದಿಯ ಉದ್ದ ಬೇರಿನ ಬದಿಯ ಒಂಬತ್ತು ಪಟ್ಟಾಗುತ್ತದೆ. ಇಪ್ಪತ್ತು ಕಿಲೋಗ್ರಾಂ ತೂಕದಷ್ಟು ಒತ್ತಿದರೆ ಬೇರಿನ ಮೇಲೆ ನೂರ ಎಂಬತ್ತು ಕಿಲೋಗ್ರಾಂ ತೂಕದ ಬಲ!

ಮಣ್ಣು ಕೂಡ ನಮಗೆ ನೆರವಾಗಬಲ್ಲದು, ಸರಿಯಾದ ದಿನವನ್ನು ಆರಿಸಿಕೊಂಡರೆ. ಮರಳಿನಲ್ಲಿ ಗುಡಿ ಕಟ್ಟುವ ಮಕ್ಕಳಿಗೆ ಈ ವಿಷಯ ಗೊತ್ತು. ಒಣಮರಳು ನಿಲ್ಲುವುದಿಲ್ಲ; ಒದ್ದೆಮರಳು ನಿಲ್ಲುತ್ತದೆ; ನೀರು ಹೆಚ್ಚಾದರೆ ಕುಸಿಯುತ್ತದೆ. ಕಣಗಳ ನಡುವಣ ತೆಳುವಾದ ನೀರಿನ ಪೊರೆಗಳು ಮೇಲ್ಮೈ ಎಳೆತದಿಂದ ಕಣಗಳನ್ನು ಒಂದಕ್ಕೊಂದು ಬಿಗಿಯುತ್ತವೆ. ಸಂದುಗಳೆಲ್ಲ ನೀರಿನಿಂದ ತುಂಬಿದಾಗ ಪೊರೆಗಳೇ ಇಲ್ಲವಾಗಿ ಆ ಬಿಗಿ ಸಡಿಲುತ್ತದೆ. ಮೈಸೂರಿನ ಕೆಮ್ಮಣ್ಣು ಒಣಗಿದಾಗ ಕಲ್ಲಿನಂತೆ. ಅಲ್ಲಿ ಎಳೆದ ಗಿಡ ಕುತ್ತಿಗೆಯಲ್ಲಿ ಮುರಿದು ಬೇರು ಒಳಗೇ ಉಳಿಯುತ್ತದೆ. ಒಳ್ಳೆಯ ಮಳೆಯ ಮರುದಿನ ಬೆಳಗ್ಗೆ ಅದೇ ಗಿಡ ಬೇರುಸಹಿತ ಸಲೀಸಾಗಿ ಕೈಗೆ ಬರುತ್ತದೆ. ಶ್ರಮದಾನದ ದಿನವನ್ನು ಪಂಚಾಂಗ ನೋಡಿ ಅಲ್ಲ, ಮಳೆ ನೋಡಿ ಗೊತ್ತುಮಾಡಬೇಕು.

ಮೂರನೆಯ ಬಾಗಿಲು: ಬೆಳಕು

ದಾರಿಯ ಅಂಚನ್ನು ಗುದ್ದಲಿಯಿಂದ ಕೆತ್ತಿ, ಒಂದು ಹುಲ್ಲುಕಡ್ಡಿಯೂ ಉಳಿಯದಂತೆ ಬೋಳುಮಾಡಿದರೆ ಕಣ್ಣಿಗೆ ಶುಭ್ರವಾಗಿ ಕಾಣುತ್ತದೆ. ಆದರೆ ಇದಕ್ಕಿಂತ ದೊಡ್ಡ ಅನರ್ಥ ಮತ್ತೊಂದಿಲ್ಲ. ಕಾರಣಗಳು ಎರಡು.

ಮೊದಲನೆಯದು ಬೀಜದ ಸ್ವಭಾವ. ಅಮೆರಿಕದ ಬೆಲ್ಟ್ಸ್‌ವಿಲ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹ್ಯಾರಿ ಬಾರ್ಥ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು 1952ರಲ್ಲಿ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಲೆಟ್ಯೂಸ್ ಎಂಬ ಸೊಪ್ಪಿನ ನೆನೆದ ಬೀಜಗಳ ಮೇಲೆ 660 ನ್ಯಾನೋಮೀಟರು ತರಂಗಾಂತರದ ಕೆಂಪು ಬೆಳಕನ್ನು ಬೀರಿದರೆ ಅವು ಮೊಳೆತವು. ಅದರ ಬೆನ್ನಿಗೆ 730 ನ್ಯಾನೋಮೀಟರಿನ, ಕೆಂಪಿನ ಕೊನೆಯ ಅಂಚಿನ ಬೆಳಕನ್ನು ಬೀರಿದರೆ ಮೊಳೆಯದೆ ಸುಮ್ಮನಾದವು. ಹೀಗೆ ಎಷ್ಟು ಸಲ ಬದಲಿಸಿದರೂ ಬೀಜ ಕಡೆಯ ಬೆಳಕಿನ ಆಜ್ಞೆಯನ್ನೇ ಪಾಲಿಸುತ್ತಿತ್ತು. ಬೀಜದೊಳಗೆ ಈ ಸ್ವಿಚ್ಚಿನಂತೆ ವರ್ತಿಸುವ ವರ್ಣದ್ರವ್ಯವನ್ನು 1959ರಲ್ಲಿ ಪತ್ತೆಹಚ್ಚಿದರು, ಅದೇ ಫೈಟೊಕ್ರೋಮ್.

ಇದಕ್ಕೂ ನಮ್ಮ ದಾರಿಗೂ ಏನು ಸಂಬಂಧ? ಹಸುರೆಲೆ 660 ನ್ಯಾನೋಮೀಟರಿನ ಕೆಂಪನ್ನು ಹೀರಿಕೊಂಡು, 730ರ ಬೆಳಕನ್ನು ಬಹುಪಾಲು ಹಾಗೆಯೇ ಕೆಳಕ್ಕೆ ಬಿಡುತ್ತದೆ. ಆದ್ದರಿಂದ ಎಲೆಯ ನೆರಳಿನಲ್ಲಿ ಬಿದ್ದ, ಬೆಳಕನ್ನು ಬಯಸುವ ಸಣ್ಣ ಬೀಜಕ್ಕೆ “ತಲೆಯ ಮೇಲೆ ಬೇರೆ ಗಿಡವಿದೆ, ಕಾದಿರು” ಎಂಬ ಸುದ್ದಿ ಮುಟ್ಟುತ್ತದೆ. ನಾವು ನೆಲವನ್ನು ಕೆತ್ತಿ ಬೋಳುಮಾಡಿದೊಡನೆ, ಆಳದಲ್ಲಿ ಮಲಗಿದ್ದ ಬೀಜಗಳು ಮೇಲೆ ಬಂದು ತುಂಬುಬೆಳಕನ್ನು ಕಾಣುತ್ತವೆ. ಮಲಗಿದ್ದ ಸೈನ್ಯವನ್ನು ನಾವೇ ಕಹಳೆಯೂದಿ ಎಬ್ಬಿಸಿದಂತಾಗುತ್ತದೆ.

ಎರಡನೆಯದು ಮಳೆಯ ಹೊಡೆತ. ಬೇಸಿಗೆಯ ಬಿರುಮಳೆಯಲ್ಲಿ 25 ಮಿಲಿಮೀಟರು ನೀರು ಬಿದ್ದರೆ, ಪ್ರತಿ ಚದರ ಮೀಟರಿನ ಮೇಲೆ 25 ಕಿಲೋಗ್ರಾಂ ನೀರು ಬಿದ್ದಂತೆ. ದೊಡ್ಡ ಹನಿಗಳ ವೇಗ ಸೆಕೆಂಡಿಗೆ ಸುಮಾರು 8 ಮೀಟರು. ಅವುಗಳ ಚಲನಶಕ್ತಿ 800 ಜೂಲ್. 80 ಕಿಲೋಗ್ರಾಂ ತೂಕದ ಮನುಷ್ಯನೊಬ್ಬನು ಒಂದು ಮೀಟರು ಎತ್ತರದಿಂದ ಧುಮುಕಿದಷ್ಟು. ದಂಡೆಯ ಪ್ರತಿಯೊಂದು ಚದರ ಮೀಟರೂ ಒಂದೊಂದು ಮಳೆಗೂ ಈ ಪೆಟ್ಟನ್ನು ತಾಳಬೇಕು. ಗಿಡ್ಡ ಹುಲ್ಲು ಆ ಪೆಟ್ಟನ್ನು ತನ್ನ ಮೈಮೇಲೆ ತೆಗೆದುಕೊಳ್ಳುತ್ತದೆ. ಬೋಳುನೆಲದ ಮಣ್ಣು ಸಿಡಿದು, ಕೊಚ್ಚಿಕೊಂಡು ಕೆರೆಯ ಹೂಳಾಗುತ್ತದೆ.

ಹುಲ್ಲಿಗೆ ಇನ್ನೊಂದು ಸೌಲಭ್ಯವೂ ಇದೆ. ಅದರ ಬೆಳೆಯುವ ಭಾಗ ಬುಡದಲ್ಲಿರುವುದರಿಂದ ಮೇಲೆ ಕತ್ತರಿಸಿದರೂ ಸಾಯುವುದಿಲ್ಲ. ನೆಟ್ಟಗೆ ಬೆಳೆಯುವ ಅಗಲೆಲೆಯ ಕಳೆಗಳಿಗೆ ತುದಿಯೇ ಜೀವಾಳ. ಪದೇ ಪದೇ ಸವರಿದರೆ ಅವು ಸೊರಗುತ್ತವೆ. ಆದುದರಿಂದ ಅಂಚನ್ನು ನಾಲ್ಕು ಬೆರಳೆತ್ತರಕ್ಕೆ ಸವರಿದರೆ ಕ್ರಮೇಣ ಹುಲ್ಲಿಗೆ ಗೆಲುವಾಗುತ್ತದೆ, ದಾರಿಯೂ ತೆರವಾಗಿರುತ್ತದೆ. ಕಿತ್ತ ಜಾಗದಲ್ಲಿ ಬೀಜವಿಲ್ಲದ ಒಣಹುಲ್ಲನ್ನೋ ತರಗನ್ನೋ ಹರಡಿದರೆ ಬೆಳಕಿನ ಬಾಗಿಲು ಮುಚ್ಚಿದಂತೆ. ಖಾಲಿ ನೆಲಕ್ಕೆ ಮತ್ತೊಂದು ಗಿಡವನ್ನು ಒಕ್ಕಲು ಕೂರಿಸುವ ಉಪಾಯವೂ ಉಂಟು. ಕೃಷಿವಿಜ್ಞಾನಿ ಎಂ. ಮಹದೇವಪ್ಪನವರು, ತಗಚೆಯ ಜಾತಿಗೆ ಸೇರಿದ ಕ್ಯಾಸಿಯಾ ಸೆರಿಸಿಯಾ ಗಿಡ ಪಾಳುನೆಲಗಳಲ್ಲಿ ಪಾರ್ಥೇನಿಯಂ ಅನ್ನು ಹಿಮ್ಮೆಟ್ಟಿಸುವ ಬಗೆಯನ್ನು ಸಂಗಡಿಗರೊಡನೆ ಅಧ್ಯಯನ ಮಾಡಿದರು. ಅದೂ ಹೊರನಾಡಿನ ಗಿಡವೇ ಆದುದರಿಂದ ಕೆರೆದಂಡೆಗೆ ಹೊಂಗೆ, ನೇರಳೆಗಳಂತಹ ನಮ್ಮ ಮರಗಳ ನೆರಳೇ ಮೇಲು. ಮರದ ನೆರಳು ಸಂಬಳ ಕೇಳದೆ ಹಗಲೆಲ್ಲ ಕಾಯುವ ಕಾವಲುಗಾರ.

ಯಾವುದನ್ನು ಉಳಿಸಬೇಕು?

ದಾರಿಗೆ ಅಡ್ಡಬಂದುದೆಲ್ಲ ಕಳೆಯಲ್ಲ. ತಂಗಡಿ, ತುಂಬೆ, ಲಕ್ಕಿ, ಎಕ್ಕಗಳು ಈ ನೆಲದ ಗಿಡಗಳು. ಕಿತ್ತಳೆಬಣ್ಣದ ಒಂದು ಸಾಮಾನ್ಯ ಚಿಟ್ಟೆಯ ಕಂಬಳಿಹುಳುಗಳಿಗೆ ಎಕ್ಕದ ಎಲೆಯೇ ಊಟ. ಎಕ್ಕವನ್ನು ಕಡಿದರೆ ಮರುವರ್ಷದ ಚಿಟ್ಟೆಯನ್ನು ಕಡಿದಂತೆ. ಕೆಂಬೂತ, ಪಿಕಳಾರ, ಟುವ್ವಿಹಕ್ಕಿಗಳು ಬೇಸಿಗೆಯಿಂದ ಮಳೆಗಾಲದವರೆಗೆ ಇದೇ ಪೊದೆಗಳಲ್ಲಿ ಗೂಡು ಕಟ್ಟುತ್ತವೆ. ಆದುದರಿಂದ ಕುಡುಗೋಲು ಬೀಸುವ ಮೊದಲು ಪೊದೆಯನ್ನು ಕಣ್ಣಿನಿಂದ ಶೋಧಿಸಬೇಕು. ಗೂಡಿರುವ ಪೊದೆ ಲಂಟಾನವೇ ಆದರೂ ಮರಿಗಳು ಹಾರುವವರೆಗೆ ಅದಕ್ಕೆ ಅಭಯ. ನಡೆಯುವವರಿಗೆ ಬೇಕಾದುದು ಎರಡೂ ಬದಿಗೆ ಒಂದೊಂದು ಮೀಟರು ಮಾತ್ರ. ಅದರಾಚೆಯದು ಹಕ್ಕಿಗಳ ಪಾಲು.

ವಿಶ್ವವಿದ್ಯಾನಿಲಯದ ಕೆರೆಯಲ್ಲಾಗಲಿ, ಅರಣ್ಯ ಇಲಾಖೆಗೆ ಸೇರಿದ ಬೆಟ್ಟದಲ್ಲಾಗಲಿ, ಮೊದಲೇ ಅನುಮತಿ ಪಡೆದು, ಗಿಡಗಳನ್ನು ಬಲ್ಲ ಒಬ್ಬರನ್ನು ಜೊತೆಗಿಟ್ಟುಕೊಂಡು ಕೆಲಸಕ್ಕೆ ತೊಡಗಬೇಕು. ಹೂಬಿಡದ ಪಾರ್ಥೇನಿಯಂ ಅನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂಬಿಟ್ಟುದನ್ನು ಚೀಲದಲ್ಲಿ ಕಟ್ಟಿ ಬೇರೆಯಾಗಿ ವಿಲೇವಾರಿ ಮಾಡಬೇಕು. ದಾರಿಯ ಬದಿಯಲ್ಲಿ ಬೆಂಕಿ ಹಚ್ಚುವುದಂತೂ ಸರ್ವಥಾ ಕೂಡದು. ಒಣಹುಲ್ಲಿನ ಕಾಲದಲ್ಲಿ ಬೆಟ್ಟಕ್ಕೆ ಒಂದು ಕಿಡಿ ಸಾಕು.

ಒಂದು ಪ್ರಯೋಗ

ಇಲ್ಲಿ ಹೇಳಿದುದನ್ನು ವಿದ್ಯಾರ್ಥಿಗಳು ನಂಬಿ ಸುಮ್ಮನಿರಬೇಕಾಗಿಲ್ಲ, ಪರೀಕ್ಷಿಸಿ ನೋಡಬಹುದು. ಬೇಕಾದ ಸಲಕರಣೆಗಳು ನಾಲ್ಕು ಗೂಟ, ಒಂದಿಷ್ಟು ಹುರಿ, ಒಂದು ನೋಟ್ ಪುಸ್ತಕ. ನಿಮ್ಮ ಕಾಲೇಜಿನ ಆವರಣದಲ್ಲಿಯೋ ನಡೆದಾರಿಯ ಬದಿಯಲ್ಲಿಯೋ ಒಂದೇ ಬಗೆಯಾಗಿ ಕಳೆ ಬೆಳೆದಿರುವ ಕಡೆ, ಒಂದೊಂದು ಚದರ ಮೀಟರಿನ ನಾಲ್ಕು ಚೌಕಗಳನ್ನು ಗುರುತಿಸಿರಿ. ಮೊದಲನೆಯದನ್ನು ಹಾಗೆಯೇ ಬಿಡಿ. ಎರಡನೆಯದನ್ನು ನೆಲಮಟ್ಟಕ್ಕೆ ಕತ್ತರಿಸಿ. ಮೂರನೆಯದರಲ್ಲಿ ಮಳೆಯ ಮರುದಿನ ಗಿಡಗಳನ್ನು ಬೇರುಸಹಿತ ಕಿತ್ತು ನೆಲವನ್ನು ತೆರೆದಿಡಿ. ನಾಲ್ಕನೆಯದರಲ್ಲಿ ಹಾಗೆಯೇ ಕಿತ್ತು, ನಾಲ್ಕು ಬೆರಳು ದಪ್ಪ ತರಗನ್ನು ಹರಡಿ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ಪ್ರತಿ ಚೌಕದ ಗಿಡಗಳನ್ನು ಎಣಿಸಿ ಬರೆದಿಡಿ. ಎಂಟು ವಾರಗಳ ಅಂಕಿಗಳನ್ನು ರೇಖಾಪಟದಲ್ಲಿ ಗುರುತಿಸಿದರೆ ನಾಲ್ಕು ರೇಖೆಗಳು ದೊರೆಯುತ್ತವೆ.

ಆ ನಾಲ್ಕು ರೇಖೆಗಳನ್ನು ನೋಡಿದ ಮೇಲೆ, ಮುಂದಿನ ಶ್ರಮದಾನವನ್ನು ಯಾವ ದಿನ, ಯಾವ ಆಯುಧದಿಂದ, ಹೇಗೆ ಮಾಡಬೇಕೆಂಬುದನ್ನು ನಿಮ್ಮ ತಂಡಕ್ಕೆ ಬೇರೆಯವರು ಹೇಳಬೇಕಾಗುವುದಿಲ್ಲ.